ನಿಕಲ್ ಆಕ್ಸೈಡ್ ಕೆಲಸ ಮಾಡಿತೋ, ಬಾಟಲಿಯೊಳಗಿನ ಕಬ್ಬಿಣವೋ?

ಪ್ರಶ್ನೆ: ನಾನು ದಾವಣಗೆರೆ ಕಡೆಯ ಒಂದು ಕಾಲೇಜಿನಲ್ಲಿ ಪಿಎಚ್‌ಡಿ ಮಾಡುತ್ತಿದ್ದೇನೆ. ಕರೆಂಟ್ ಹರಿಸಿ ನೀರನ್ನು ಹೈಡ್ರೋಜನ್, ಆಕ್ಸಿಜನ್ ಆಗಿ ಒಡೆಯುವ ಕ್ರಿಯೆಯನ್ನು ಸುಲಭ ಮಾಡುವ ವಸ್ತು, ಅಂದರೆ ಕ್ಯಾಟಲಿಸ್ಟ್, ಹುಡುಕುವುದು ನನ್ನ ಕೆಲಸ. ನಿಕಲ್ ನೈಟ್ರೇಟ್‌ಗೆ ಇಂಧನವಾಗಿ ಗ್ಲೈಸಿನ್ ಸೇರಿಸಿ, ಸೊಲ್ಯೂಷನ್ ಕಂಬಷನ್ ವಿಧಾನದಲ್ಲಿ (ದ್ರಾವಣವನ್ನು ಕಾಯಿಸಿ ಹೊತ್ತಿಸುವುದು) ನಿಕಲ್ ಆಕ್ಸೈಡ್ ಪುಡಿ ಮಾಡಿದೆ. ನಿಕಲ್ ಫೋಮ್ (ಸ್ಪಂಜಿನ ಹಾಗೆ ತೂತುತೂತಾದ ನಿಕಲ್ ಹಾಳೆ) ಮೇಲೆ ಹಚ್ಚಿ 1 ಮೋಲಾರ್ ಕೆಒಎಚ್‌ನಲ್ಲಿ (ಪೊಟ್ಯಾಸಿಯಂ ಹೈಡ್ರಾಕ್ಸೈಡ್ ದ್ರಾವಣ) ಅಳೆದಾಗ, ಆಕ್ಸಿಜನ್ ಬಿಡುವ ಕಡೆ 10 ಮಿಲಿಆಂಪಿಯರ್‌ಗೆ ಓವರ್‌ಪೊಟೆನ್ಷಿಯಲ್ (ಕನಿಷ್ಠಕ್ಕಿಂತ ಮೇಲೆ ಬೇಕಾದ ಹೆಚ್ಚುವರಿ ವೋಲ್ಟೇಜ್, ಕಡಿಮೆ ಇದ್ದಷ್ಟೂ ಒಳ್ಳೆಯದು) 290 ಮಿಲಿವೋಲ್ಟ್ ಬಂತು. ಎಲ್ಲರಿಗೂ ಖುಷಿ. ಕೆಲವು ತಿಂಗಳ ನಂತರ ಅದೇ ಪುಡಿಯನ್ನು ಗ್ಲಾಸಿ ಕಾರ್ಬನ್ (ಗಾಜಿನಂತೆ ನಯವಾದ ಕಾರ್ಬನ್ ಬಿಲ್ಲೆ) ಮೇಲೆ ಹಾಕಿ, ಜಾಸ್ತಿ ಶುದ್ಧತೆಯ ಹೊಸ ಕೆಒಎಚ್ ಬಾಟಲಿ ತೆರೆದು ಅಳೆದರೆ 420 ಬಂತು. ಗೈಡ್ ಮೊದಲಿನ ಅಂಕಿಯನ್ನೇ ಬರೆದು ಕಳಿಸೋಣ ಅನ್ನುತ್ತಾರೆ. ಸೀನಿಯರ್ ಒಬ್ಬರು ಸ್ವಲ್ಪ ರುಥೇನಿಯಂ ಲೋಹ ಸೇರಿಸು ಅಂತಾರೆ, ಇನ್ನೊಬ್ಬರು ಎಲೆ ರಸ ಹಾಕಿ ಗ್ರೀನ್ ಸಿಂಥೆಸಿಸ್ ಮಾಡು ಅಂತಾರೆ. ನನ್ನ ಪುಡಿ ಕೆಟ್ಟುಹೋಯಿತಾ? ಮುಂದೆ ಏನು ಮಾಡಲಿ? ಇಷ್ಟಕ್ಕೂ ಈ ಆಕ್ಸೈಡ್‌ಗಳಿಂದ ಹಸಿರು ಹೈಡ್ರೋಜನ್ (ಸೋಲಾರ್, ಗಾಳಿಯಂಥ ಕರೆಂಟಿನಿಂದ ನೀರು ಒಡೆದು ತೆಗೆದದ್ದು) ನಿಜವಾಗಿ ಅಗ್ಗ ಆಗುತ್ತಾ, ಅಥವಾ ಸುಮ್ನೆ ಪೇಪರ್‌ಗೋಸ್ಕರ ಮಾಡುತ್ತಿದ್ದೇವಾ?

ಉತ್ತರ: ನಿಮ್ಮ ಪುಡಿ ಕೆಟ್ಟಿಲ್ಲ. ಎರಡು ಅಂಕಿಗಳಲ್ಲಿ ಒಂದೂ ಸುಳ್ಳಲ್ಲ ಅಂತಲೇ ನನ್ನ ಅಂದಾಜು. ಆದರೆ 290 ಅನ್ನುವುದು ಬರೀ ನಿಮ್ಮ ನಿಕಲ್ ಆಕ್ಸೈಡ್‌ನ ಅಂಕಿ ಅಲ್ಲ. ಅದರಲ್ಲಿ ಒಂದು ಪಾಲು ಹಳೆಯ ಕೆಒಎಚ್ ಬಾಟಲಿಯಿಂದ ಬಂದ ಕಬ್ಬಿಣದ್ದಿರಬೇಕು, ಇನ್ನೊಂದು ಪಾಲು ಫೋಮ್‌ನದ್ದು. ನೀವು ಒಂದೇ ಏಟಿಗೆ ಎರಡು ಬದಲಾವಣೆ ಮಾಡಿದ್ದೀರಿ. ಎಲೆಕ್ಟ್ರೋಡೂ ಬದಲಾಯಿತು, ಕೆಒಎಚ್ ಕೂಡ ಬದಲಾಯಿತು. ಹಾಗಾಗಿ ಯಾರ ಪಾಲು ಎಷ್ಟು ಅಂತ ಈಗಲೇ ಹೇಳಲು ಬರುವುದಿಲ್ಲ. ಬಿಡಿಸಿ ನೋಡಬಹುದು, ಅದಕ್ಕೆ ದುಬಾರಿ ಯಂತ್ರವೇನೂ ಬೇಡ.

ಮೊದಲು ಹಳೆಯ ಬಾಟಲಿ ಕೈಗೆತ್ತಿಕೊಂಡು ಲೇಬಲ್ ಓದಿ. ಸಣ್ಣ ಅಕ್ಷರದಲ್ಲಿ ಕಲ್ಮಶಗಳ ಪಟ್ಟಿ ಇರುತ್ತದೆ: ಕ್ಲೋರೈಡ್ ಇಷ್ಟು, ಸಲ್ಫೇಟ್ ಇಷ್ಟು, ಕಬ್ಬಿಣ ಇಷ್ಟು. ಸಾಮಾನ್ಯ ಲ್ಯಾಬ್ ದರ್ಜೆಯ ಕೆಒಎಚ್‌ನಲ್ಲಿ ಕಬ್ಬಿಣದ ಮುಂದೆ 0.001% ಗರಿಷ್ಠ ಅಂತ ಇರುವುದು ಮಾಮೂಲು. ಇಷ್ಟು ಕಡಿಮೆ ಇದ್ದರೆ ಏನಾಗುತ್ತೆ ಅನ್ನಿಸುತ್ತದೆ, ಅಲ್ವಾ? ಲೆಕ್ಕ ಹಾಕಿ. 1 ಲೀಟರ್ ದ್ರಾವಣಕ್ಕೆ 56 ಗ್ರಾಂ ಕೆಒಎಚ್ ಹೋಗುತ್ತದೆ. ಅದರಲ್ಲಿ 0.001% ಅಂದರೆ 0.56 ಮಿಲಿಗ್ರಾಂ ಕಬ್ಬಿಣ. ಸೆಲ್‌ನಲ್ಲಿ 50 ಮಿಲಿಲೀಟರ್ ತುಂಬಿದ್ದೀರಿ ಅಂದುಕೊಂಡರೆ 28 ಮೈಕ್ರೋಗ್ರಾಂ. ಈಗ ಇನ್ನೊಂದು ಕಡೆಗೆ ಬನ್ನಿ. 3 ಮಿಲಿಮೀಟರ್ ಅಗಲದ ಗ್ಲಾಸಿ ಕಾರ್ಬನ್ ಬಿಲ್ಲೆಯ ವಿಸ್ತೀರ್ಣ ಸುಮಾರು 0.07 ಚದರ ಸೆಂಟಿಮೀಟರ್. ಚದರ ಸೆಂಟಿಮೀಟರ್‌ಗೆ 0.2 ಮಿಲಿಗ್ರಾಂ ಲೆಕ್ಕದಲ್ಲಿ ಪುಡಿ ಹಚ್ಚಿದರೆ ಅದರ ಮೇಲೆ ಕೂರುವುದು 14 ಮೈಕ್ರೋಗ್ರಾಂ ಅಷ್ಟೇ. ಅಂದರೆ ಅಂಥ ದ್ರಾವಣದಲ್ಲಿ ತೇಲುತ್ತಿರಬಹುದಾದ ಕಬ್ಬಿಣ ನಿಮ್ಮ ಕ್ಯಾಟಲಿಸ್ಟ್‌ನ ಎರಡು ಪಟ್ಟು. ಅಷ್ಟೂ ಬಂದು ಅಂಟುವುದಿಲ್ಲ, ನಿಜ. ಆದರೆ ಅಷ್ಟೂ ಬೇಕಾಗಿಯೂ ಇಲ್ಲ. ಕೆಒಎಚ್‌ನಲ್ಲಿ ನಿಮ್ಮ ಆಕ್ಸೈಡ್‌ನ ಮೇಲೆ ಹುಟ್ಟುವ ನಿಕಲ್ ಹೈಡ್ರಾಕ್ಸೈಡ್ ಕಬ್ಬಿಣವನ್ನು ಬೇಗ ಎಳೆದುಕೊಳ್ಳುತ್ತದೆ, ಎಲೆಕ್ಟ್ರೋಡ್‌ನ ಮೇಲ್ಪದರದಲ್ಲಿ ಕೆಲವು ಶೇಕಡಾ ಸೇರಿಕೊಂಡರೂ ಸಾಕು, ಆಟವೇ ಬದಲಾಗುತ್ತದೆ.

ಇದು ಹೊಸ ವಿಷಯ ಅಲ್ಲ. ನಿಕಲ್ ಬ್ಯಾಟರಿ ಮಾಡುವವರಿಗೆ ಕಬ್ಬಿಣ ಬಹಳ ಹಿಂದಿನಿಂದಲೂ ತಲೆನೋವು, ಯಾಕೆಂದರೆ ಅದು ಸೇರಿದರೆ ಚಾರ್ಜ್ ಮಾಡುವಾಗ ಕರೆಂಟು ಬ್ಯಾಟರಿಯಲ್ಲಿ ಉಳಿಯದೆ ಆಕ್ಸಿಜನ್ ಗುಳ್ಳೆಯಾಗಿ ಹೋಗಿಬಿಡುತ್ತದೆ. ಅವರ ಆ ಕಾಟವೇ ನಮಗೆ ವರ. 1987ರಲ್ಲಿ ಡೆನ್ನಿಸ್ ಕಾರಿಗನ್ ನಿಕಲ್ ಆಕ್ಸೈಡ್ ಪದರಗಳಲ್ಲಿ ಕಬ್ಬಿಣದ ಕಲ್ಮಶ ಆಕ್ಸಿಜನ್ ಬಿಡುವ ಕ್ರಿಯೆಯನ್ನು ಎಷ್ಟು ಏರಿಸುತ್ತದೆ ಅಂತ ಬರೆದರು. ಆಮೇಲೂ ಎಷ್ಟೋ ವರ್ಷ ಜನ ಮಾಮೂಲಿ ಕೆಒಎಚ್‌ನಲ್ಲೇ ಅಳೆದು, ಬಂದ ಕರೆಂಟನ್ನೆಲ್ಲ ನಿಕಲ್‌ನ ಖಾತೆಗೆ ಹಾಕುತ್ತಿದ್ದರು. 2014ರಲ್ಲಿ ಅಮೆರಿಕದ ಒರೆಗಾನ್ ವಿಶ್ವವಿದ್ಯಾಲಯದ ಶಾನನ್ ಬೋಚರ್ ಅವರ ತಂಡ ಕೆಒಎಚ್‌ನಿಂದ ಕಬ್ಬಿಣ ತೆಗೆದು ತೋರಿಸಿತು: ಕಬ್ಬಿಣವೇ ಇಲ್ಲದ ನಿಕಲ್ ಹೈಡ್ರಾಕ್ಸೈಡ್ ಆಕ್ಸಿಜನ್ ಬಿಡುವುದರಲ್ಲಿ ತೀರಾ ಸಾಧಾರಣ. ನಿಮ್ಮ 420 ನೋಡಿ ನನಗೆ ಆಶ್ಚರ್ಯ ಆಗದೇ ಇರುವುದು ಅದಕ್ಕೇ. ಕಬ್ಬಿಣ ಕಡಿಮೆ ಇರುವ ನಿಕಲ್ ಆಕ್ಸೈಡ್ ನಡೆದುಕೊಳ್ಳುವುದೇ ಹಾಗೆ.

ಇದಕ್ಕೆ ಸಾಕ್ಷಿ ನಿಮ್ಮ ಕಂಪ್ಯೂಟರ್‌ನಲ್ಲೇ ಇರಬಹುದು. ಮೊದಲ ಸಲ ಅಳೆದಾಗಿನ ಸಿವಿ ಫೈಲ್‌ಗಳನ್ನು (ವೋಲ್ಟೇಜನ್ನು ಸುತ್ತು ಸುತ್ತಾಗಿ ಏರಿಸಿ ಇಳಿಸಿ ಕರೆಂಟ್ ಬರೆದ ಗೆರೆಗಳು) ತೆರೆಯಿರಿ. ಆಕ್ಸಿಜನ್ ಶುರುವಾಗುವ ಸ್ವಲ್ಪ ಮೊದಲು, ಆರ್‌ಎಚ್‌ಇ (ಅದೇ ದ್ರಾವಣದ ಹೈಡ್ರೋಜನ್ ಎಲೆಕ್ಟ್ರೋಡನ್ನು ಸೊನ್ನೆಯಾಗಿ ಹಿಡಿದ) ಲೆಕ್ಕದಲ್ಲಿ 1.35ರಿಂದ 1.45 ವೋಲ್ಟ್ ನಡುವೆ, ಒಂದು ದಿಣ್ಣೆ ಕಾಣುತ್ತದೆ. ಅದು ನಿಕಲ್ ತಾನೇ 2+ನಿಂದ 3+ಗೆ ಹೋಗುವ ಜಾಗ. ಮೊದಲನೇ ಸುತ್ತು ಮತ್ತು ಕೊನೆಯ ಸುತ್ತನ್ನು ಒಂದರ ಮೇಲೊಂದು ಇಟ್ಟು ನೋಡಿ. ಸುತ್ತು ಹೆಚ್ಚಾದ ಹಾಗೆ ದಿಣ್ಣೆ ಬಲಕ್ಕೆ ಸರಿಯುತ್ತಾ ಸಣ್ಣದಾಗುತ್ತಿದ್ದರೆ, ಜೊತೆಗೆ ಆಕ್ಸಿಜನ್ ಕರೆಂಟ್ ಏರುತ್ತಿದ್ದರೆ, ಕಬ್ಬಿಣ ಒಳಗೆ ಬರುತ್ತಿದೆ ಅಂತಲೇ ಅರ್ಥ. ಬಹಳ ಪೇಪರ್‌ಗಳಲ್ಲಿ ಇದನ್ನು 'ಆಕ್ಟಿವೇಷನ್' ಅಂತ ಕರೆದು ಮುಂದೆ ಹೋಗಿಬಿಡುತ್ತಾರೆ.

ಆಕ್ಸಿಜನ್ ಕಡೆಯೇ ಯಾಕೆ ಇಷ್ಟು ಕಷ್ಟ ಅನ್ನುವುದನ್ನೂ ಹೇಳಿಬಿಡುತ್ತೇನೆ, ರುಥೇನಿಯಂ ಪ್ರಶ್ನೆಗೆ ಅದು ಬೇಕು. ನೀರು ಒಡೆಯಲು 25 ಡಿಗ್ರಿಯಲ್ಲಿ ಕನಿಷ್ಠ 1.23 ವೋಲ್ಟ್ ಬೇಕು. ಇದನ್ನು ಯಾವ ಕ್ಯಾಟಲಿಸ್ಟೂ ಕಡಿಮೆ ಮಾಡುವುದಿಲ್ಲ. ಕ್ಯಾಟಲಿಸ್ಟ್ ಕಡಿಮೆ ಮಾಡುವುದು ಅದರ ಮೇಲೆ ತೆರಬೇಕಾದ ಹೆಚ್ಚುವರಿ ವೋಲ್ಟೇಜನ್ನು ಮಾತ್ರ. ಹೈಡ್ರೋಜನ್ ಬರಲು ಎರಡು ಎಲೆಕ್ಟ್ರಾನ್ ಸಾಕು. ಆಕ್ಸಿಜನ್ ಬರಲು ನಾಲ್ಕು ಬೇಕು, ಅದೂ ಒಂದಾದ ಮೇಲೊಂದು: ಲೋಹದ ಮೇಲೆ ಮೊದಲು ಓಎಚ್, ಆಮೇಲೆ ಬರೀ ಓ, ಆಮೇಲೆ ಓಓಎಚ್, ಕೊನೆಗೆ ಆಕ್ಸಿಜನ್. ಇದನ್ನು ನಾಲ್ಕು ಮೆಟ್ಟಿಲು ಅಂದುಕೊಳ್ಳಿ. ನಾಲ್ಕೂ ಒಂದೇ ಎತ್ತರ ಇದ್ದರೆ ತಲಾ 1.23ರಲ್ಲಿ ಹತ್ತಿಬಿಡಬಹುದಿತ್ತು. ಆಗ ಓಎಚ್‌ಗೂ ಓಓಎಚ್‌ಗೂ ಮಧ್ಯದ ಎರಡು ಮೆಟ್ಟಿಲು ಸೇರಿ 2.46 ಇರಬೇಕು. ಆದರೆ ಆಕ್ಸೈಡ್‌ಗಳಲ್ಲೆಲ್ಲ ಅದು ಸುಮಾರು 3.2 ಎಲೆಕ್ಟ್ರಾನ್‌ವೋಲ್ಟ್ ಬರುತ್ತದೆ. ಓಎಚ್ ಅನ್ನು ಗಟ್ಟಿಯಾಗಿ ಹಿಡಿಯುವ ಲೋಹ ಓಓಎಚ್ ಅನ್ನೂ ಗಟ್ಟಿಯಾಗಿಯೇ ಹಿಡಿಯುತ್ತದೆ, ಹಾಗಾಗಿ ಒಂದನ್ನು ಮಾತ್ರ ಸರಿಮಾಡಲು ಬರುವುದಿಲ್ಲ. ಲೋಹ ಬದಲಿಸಿದರೂ, ಆಕಾರ ಬದಲಿಸಿದರೂ, ಹೂವಿನ ಥರ ಸೂಜಿಯ ಥರ ಪುಡಿ ಬೆಳೆಸಿದರೂ ಈ ಕಟ್ಟು ಸುಲಭವಾಗಿ ಬಿಡುವುದಿಲ್ಲ. ನಿಕಲ್ ಜೊತೆ ಕಬ್ಬಿಣ ಸೇರಿದಾಗ ಯಾಕೆ ಇಷ್ಟು ಚೆನ್ನಾಗಿ ನಡೆಯುತ್ತದೆ ಅನ್ನುವ ಚರ್ಚೆ ಇನ್ನೂ ಮುಗಿದಿಲ್ಲ. ಕಬ್ಬಿಣವೇ ಕ್ರಿಯೆ ನಡೆಯುವ ಜಾಗ, ನಿಕಲ್ ಅದಕ್ಕೆ ಕರೆಂಟ್ ಮುಟ್ಟಿಸುವ ನೆಲೆ ಅನ್ನುವ ವಾದಕ್ಕೆ ನನ್ನ ಒಲವು ಜಾಸ್ತಿ. ಬರೀ ಕಬ್ಬಿಣದ ಆಕ್ಸೈಡ್‌ಗೆ ಕರೆಂಟ್ ಹರಿಸುವ ಶಕ್ತಿ ಕಡಿಮೆ, ಅದಕ್ಕೇ ಒಂಟಿಯಾಗಿ ಅದು ಸೋಲುತ್ತದೆ.

ಇನ್ನು ಫೋಮ್. ನಿಕಲ್ ಫೋಮ್ ಒಳ್ಳೆಯ ವಸ್ತು, ಕಾರ್ಖಾನೆಯ ದೃಷ್ಟಿಯಿಂದ ಗ್ಲಾಸಿ ಕಾರ್ಬನ್‌ಗಿಂತ ಎಷ್ಟೋ ವಾಸಿ. ಆದರೆ 1 ಚದರ ಸೆಂಟಿಮೀಟರ್ ಅಂತ ನೀವು ಕತ್ತರಿಸಿದ ತುಂಡಿನ ಒಳಗಿನ ಮೈಯೆಲ್ಲ ಲೆಕ್ಕ ಹಾಕಿದರೆ ಅದರ ಹಲವು ಪಟ್ಟು ಆಗುತ್ತದೆ. ಫೋಮ್ ತಾನೇ ನಿಕಲ್, ಅದೂ ಕಬ್ಬಿಣ ಎಳೆದುಕೊಳ್ಳುತ್ತದೆ, ಅದರ ಮೇಲೂ ಅದೇ ದಿಣ್ಣೆ ಬರುತ್ತದೆ. ಈ ದಿಣ್ಣೆಯ ಕರೆಂಟೇ ಎಷ್ಟೋ ಸಲ 10 ಮಿಲಿಆಂಪಿಯರ್ ದಾಟಿರುತ್ತದೆ. ಆಗ ಮುಂದಕ್ಕೆ ಹೋಗುವ ಸ್ಕ್ಯಾನ್‌ನಲ್ಲಿ ಓದಿದ ಅಂಕಿ ಆಕ್ಸಿಜನ್‌ದಲ್ಲ, ನಿಕಲ್ ಬಣ್ಣ ಬದಲಿಸಿದ್ದಕ್ಕೆ ಬಂದ ಕರೆಂಟು. ಹಿಂದಕ್ಕೆ ಬರುವ ಸ್ಕ್ಯಾನ್‌ನಲ್ಲಿ ಓದಿ, ನಿಧಾನಕ್ಕೆ, ಸೆಕೆಂಡಿಗೆ 1ರಿಂದ 5 ಮಿಲಿವೋಲ್ಟ್. ಅದಕ್ಕಿಂತ ನಂಬಿಕಸ್ತ ದಾರಿ ಅಂದರೆ 10 ಮಿಲಿಆಂಪಿಯರ್‌ನಲ್ಲಿ ಹಿಡಿದಿಟ್ಟು, ವೋಲ್ಟೇಜ್ ಎಲ್ಲಿ ನಿಲ್ಲುತ್ತದೆ ಅಂತ ನೋಡುವುದು. ಜೊತೆಗೆ ಒಂದು ಬರೀ ಫೋಮ್ ತುಂಡನ್ನೂ ಅಳೆಯಲೇಬೇಕು. ಡಬ್ಬಿಯಿಂದ ತೆಗೆದ ಹಾಗೇ ಅಲ್ಲ. ನಿಮ್ಮ ಎಲೆಕ್ಟ್ರೋಡ್‌ಗೆ ಏನೇನು ಮಾಡಿದಿರೋ ಅದಕ್ಕೂ ಅದನ್ನೇ ಮಾಡಿ. ಅದೇ ಆಸಿಡ್ ತೊಳೆತ, ಅದೇ ಬೈಂಡರ್ (ಪುಡಿ ಹಿಡಿದಿಡುವ ಅಂಟು), ಅದೇ ಬಿಸಿ, ಅದೇ ಕೆಒಎಚ್, ಅಷ್ಟೇ ಸುತ್ತು. ಬರೀ ಫೋಮ್ 310 ಕೊಟ್ಟು, ಪುಡಿ ಹಚ್ಚಿದ್ದು 290 ಕೊಟ್ಟರೆ ನಿಮ್ಮ ಪುಡಿ ಗಳಿಸಿದ್ದು 20 ಮಾತ್ರ.

ನಿಮ್ಮ ಕಂಬಷನ್ ವಿಧಾನದ ಬಗ್ಗೆ ಬೇರೆ ಮಾತು ಇದೆ. ಇದು ನಮ್ಮ ಬೆಂಗಳೂರಿನಲ್ಲೇ ಬೆಳೆದ ವಿದ್ಯೆ. ಭಾರತೀಯ ವಿಜ್ಞಾನ ಸಂಸ್ಥೆಯ ಕೆ.ಸಿ. ಪಾಟೀಲ ಮತ್ತು ಜೆ.ಜೆ. ಕಿಂಗ್ಸ್ಲಿ 1988ರಲ್ಲಿ ಅಲ್ಯುಮಿನಿಯಂ ನೈಟ್ರೇಟ್‌ಗೆ ಯೂರಿಯಾ ಸೇರಿಸಿ, 500 ಡಿಗ್ರಿ ಕುಲುಮೆಯಲ್ಲಿಟ್ಟು ಕೆಲವೇ ನಿಮಿಷಗಳಲ್ಲಿ ಅಲ್ಯುಮಿನಾ ಪುಡಿ ತೆಗೆದರು. ಇವತ್ತು ರಾಜ್ಯದ ಎಷ್ಟೋ ಕಾಲೇಜುಗಳಲ್ಲಿ ಒಂದು ಮಫಲ್ ಫರ್ನೇಸ್ ಇದ್ದರೆ ಸಂಶೋಧನೆ ಶುರು ಮಾಡಬಹುದು ಅನ್ನುವ ಧೈರ್ಯ ಬಂದಿರುವುದು ಇದರಿಂದಲೇ. ನನಗೆ ಈ ವಿಧಾನದ ಮೇಲೆ ತುಂಬ ಗೌರವ. ಆದರೆ ಅದರಲ್ಲಿ ಎರಡು ಕಡೆ ಜಾರುವ ಸಾಧ್ಯತೆ ಇದೆ.

ಒಂದು, ಗ್ಲೈಸಿನ್ ಜಾಸ್ತಿಯಾದರೆ ನಿಕಲ್ ಆಕ್ಸೈಡ್ ಜೊತೆ ಲೋಹದ ನಿಕಲ್ ಕೂಡ ಉಳಿಯುತ್ತದೆ. ಇದನ್ನು ನೋಡಲು ಪುಡಿಯನ್ನು ಕಾಗದದ ಮೇಲೆ ಹರಡಿ, ಕೆಳಗಡೆ ಒಂದು ಒಳ್ಳೆ ಆಯಸ್ಕಾಂತ ಆಡಿಸಿ. ಪುಡಿ ಅದರ ಹಿಂದೆ ಓಡಿದರೆ ಒಳಗೆ ಲೋಹದ ನಿಕಲ್ ಇದೆ. ಎಕ್ಸ್‌ಆರ್‌ಡಿಯಲ್ಲಿ (ಎಕ್ಸ್‌ರೇ ಹಾಯಿಸಿ ಪುಡಿಯಲ್ಲಿ ಯಾವ ಹರಳು ಇದೆ ಅಂತ ನೋಡುವ ಪರೀಕ್ಷೆ) 43.3 ಡಿಗ್ರಿಯ ಆಕ್ಸೈಡ್ ಗೆರೆಯ ಪಕ್ಕದಲ್ಲೇ 44.5ರಲ್ಲಿ ಇನ್ನೊಂದು ಗೆರೆ ಎದ್ದಿರುತ್ತದೆ, ಸಣ್ಣದಿದ್ದರೆ ಭುಜದ ಹಾಗೆ ಅಂಟಿಕೊಂಡಿರುತ್ತದೆ. ಎರಡು, ಪೂರ್ತಿ ಸುಡದ ಇಂಧನ ಪುಡಿಯಲ್ಲಿ ಉಳಿದರೆ ಅದೇ ಎಲೆಕ್ಟ್ರೋಡ್ ಮೇಲೆ ಆಕ್ಸಿಡೈಸ್ ಆಗಿ ಕರೆಂಟ್ ಕೊಡುತ್ತದೆ. ಯೂರಿಯಾ ಬಳಸುವವರು ಇದನ್ನು ವಿಶೇಷವಾಗಿ ಗಮನಿಸಬೇಕು, ನಿಕಲ್ ಮೇಲೆ ಯೂರಿಯಾ ಆಕ್ಸಿಜನ್‌ಗಿಂತ ಮೊದಲೇ ಉರಿಯುತ್ತದೆ. ನೋಡುವವರಿಗೆ ಅದು ಅದ್ಭುತ ಕ್ಯಾಟಲಿಸ್ಟ್ ಥರ ಕಾಣುತ್ತದೆ.

ಎಲೆ ರಸದ ಸಲಹೆಗೂ ಇಲ್ಲೇ ಉತ್ತರ ಇದೆ. ಎಲೆ ರಸ ಕೆಟ್ಟದ್ದಲ್ಲ, ಅದೂ ಒಂದು ಇಂಧನ. ಆದರೆ ಎಲೆಯಲ್ಲಿ ಕಬ್ಬಿಣ ಇದೆ, ಕ್ಯಾಲ್ಸಿಯಂ, ಪೊಟ್ಯಾಸಿಯಂ, ಮೆಗ್ನೀಸಿಯಂ, ಮ್ಯಾಂಗನೀಸ್ ಇವೆ. ಮಳೆಗಾಲದಲ್ಲಿ ಕಿತ್ತ ಎಲೆಗೂ ಬೇಸಿಗೆಯಲ್ಲಿ ಕಿತ್ತ ಎಲೆಗೂ ಪ್ರಮಾಣ ಬೇರೆ ಬೇರೆ. ಈಗಲೇ ನಿಮ್ಮ ಸಮಸ್ಯೆ ಏನು? ಗೊತ್ತಿಲ್ಲದ ಕಲ್ಮಶ. ಅದಕ್ಕೆ ಇನ್ನಷ್ಟು ಗೊತ್ತಿಲ್ಲದ್ದನ್ನು ಯಾಕೆ ಸೇರಿಸುತ್ತೀರಿ? ಗ್ಲೈಸಿನ್‌ನಲ್ಲೇ ಮುಂದುವರಿಯಿರಿ.

ಅಳತೆಯಲ್ಲಿ ಕೈಕೊಡುವ ಸಣ್ಣಪುಟ್ಟ ವಿಷಯಗಳನ್ನು ಬೇಗ ಹೇಳಿ ಮುಗಿಸುತ್ತೇನೆ. ಕೆಒಎಚ್‌ನಲ್ಲಿ ಸಿಲ್ವರ್-ಸಿಲ್ವರ್ ಕ್ಲೋರೈಡ್ ರೆಫರೆನ್ಸ್ (ವೋಲ್ಟೇಜ್ ಅಳೆಯಲು ಹೋಲಿಕೆಗೆ ಇಡುವ ಎಲೆಕ್ಟ್ರೋಡ್) ಬಳಸಬೇಡಿ, ದಿನ ಕಳೆದ ಹಾಗೆ ಅದು ತನ್ನ ಜಾಗ ಬಿಟ್ಟು ಸರಿಯುತ್ತದೆ. ಮರ್ಕ್ಯುರಿ-ಮರ್ಕ್ಯುರಿ ಆಕ್ಸೈಡ್ ಇಟ್ಟುಕೊಳ್ಳಿ. ಪಿಎಚ್ ಸುಮ್ನೆ 14 ಅಂತ ಹಾಕುವುದಕ್ಕೂ ನಿಜವಾಗಿ 13.7 ಇರುವುದಕ್ಕೂ 18 ಮಿಲಿವೋಲ್ಟ್ ವ್ಯತ್ಯಾಸ ಬಂದುಬಿಡುತ್ತದೆ. ಸಾಧ್ಯವಿದ್ದರೆ ಹೈಡ್ರೋಜನ್ ತುಂಬಿದ ಅದೇ ದ್ರಾವಣದಲ್ಲಿ ಪ್ಲಾಟಿನಂ ತಂತಿ ಇಟ್ಟು ಸರಿಹೊಂದಿಸಿಕೊಳ್ಳಿ. ದ್ರಾವಣದ ರೋಧ 2 ಓಮ್ ಇದ್ದರೆ 10 ಮಿಲಿಆಂಪಿಯರ್‌ನಲ್ಲಿ ಬರೀ 20 ಮಿಲಿವೋಲ್ಟ್, ಆದರೆ 100ರಲ್ಲಿ 200. ಅದನ್ನು ಕಳೆಯಿರಿ, ಆದರೆ ಎಷ್ಟು ಶೇಕಡಾ ಕಳೆದಿರಿ ಅಂತ ಬರೆಯಿರಿ. ಗೆರೆ ಮೇಲೆ ಹೋಗುತ್ತಾ ಹಿಂದಕ್ಕೆ ಬಾಗಿದರೆ ಅತಿಯಾಗಿ ಕಳೆದಿದ್ದೀರಿ. ಗಾಜಿನ ಬೀಕರ್ ಬಿಟ್ಟು ಪ್ಲಾಸ್ಟಿಕ್ ಅಥವಾ ಟೆಫ್ಲಾನ್ ಸೆಲ್‌ಗೆ ಬನ್ನಿ. ಕೆಒಎಚ್ ಗಾಜನ್ನು ಕೊರೆಯುತ್ತದೆ, ಗಾಜಿನಲ್ಲೂ ಕಬ್ಬಿಣ ಇರುತ್ತದೆ. ಹೈಡ್ರೋಜನ್ ಕಡೆಯ ಕ್ಯಾಟಲಿಸ್ಟ್ ಅಳೆಯುವ ದಿನ ಎದುರುಗಡೆ ಪ್ಲಾಟಿನಂ ಇಡಬೇಡಿ, ಅದು ಕರಗಿ ಬಂದು ನಿಮ್ಮ ಎಲೆಕ್ಟ್ರೋಡ್ ಮೇಲೆ ಕೂರುತ್ತದೆ. ಗ್ರಾಫೈಟ್ ಕಡ್ಡಿ ಇಡಿ.

ಗ್ಯಾಸ್ ಹಿಡಿದು ನೋಡುವುದನ್ನು ಮಾತ್ರ ಬಿಡಬೇಡಿ. ತುಂಬ ಜನ ಬಿಡುವುದು ಇದನ್ನೇ, ಆದರೆ ಕರೆಂಟ್ ನಿಜವಾಗಿ ಆಕ್ಸಿಜನ್‌ಗೆ ಹೋಯಿತೋ ಇಲ್ಲವೋ ಅಂತ ಹೇಳುವುದು ಇದೊಂದೇ. ಎರಡು ಕಡೆಯ ಗ್ಯಾಸನ್ನು ಬೇರೆ ಬೇರೆ ಅಳತೆಕೊಳವೆಯಲ್ಲಿ, ನೀರು ತುಂಬಿ ಬೋರಲು ಹಾಕಿ ಹಿಡಿಯಿರಿ. ಎರಡನ್ನೂ ಒಟ್ಟಿಗೆ ಒಂದೇ ಪಾತ್ರೆಯಲ್ಲಿ ಯಾವತ್ತೂ ಹಿಡಿಯಬೇಡಿ, ಆ ಮಿಶ್ರಣ ಒಂದು ಕಿಡಿಗೆ ಸಿಡಿಯುತ್ತದೆ. 100 ಮಿಲಿಆಂಪಿಯರ್ ಕರೆಂಟನ್ನು 1 ಗಂಟೆ ಹರಿಸಿದರೆ 360 ಕೂಲಂಬ್. ಅದಕ್ಕೆ 25 ಡಿಗ್ರಿಯಲ್ಲಿ, ಸಮುದ್ರಮಟ್ಟದ ಒತ್ತಡದಲ್ಲಿ 45.6 ಮಿಲಿಲೀಟರ್ ಹೈಡ್ರೋಜನ್ ಮತ್ತು 22.8 ಮಿಲಿಲೀಟರ್ ಆಕ್ಸಿಜನ್ ಬರಬೇಕು. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ, ಅಲ್ಲಿ ಗಾಳಿಯ ಒತ್ತಡ ಕಡಿಮೆ, ಜೊತೆಗೆ ಕೊಳವೆಯಲ್ಲಿ ನೀರಾವಿ ಬೇರೆ ಇರುತ್ತದೆ. ಹಾಗಾಗಿ ಓದುವ ಗಾತ್ರ ಇದಕ್ಕಿಂತ ಜಾಸ್ತಿಯೇ ಇರುತ್ತದೆ, ಅದನ್ನು ಸರಿಪಡಿಸಿ ಲೆಕ್ಕ ಹಾಕಿ. ಸರಿಪಡಿಸಿದ ಮೇಲೂ ಹೈಡ್ರೋಜನ್ ಸರಿಯಾಗಿ ಬಂದು ಆಕ್ಸಿಜನ್ ಮಾತ್ರ ತುಂಬ ಕಡಿಮೆ ಬಂದರೆ, ಸೋರಿಕೆ ಇಲ್ಲ ಅಂತ ಖಾತ್ರಿ ಮಾಡಿಕೊಂಡು, ಬೇರೇನೋ ಉರಿಯುತ್ತಿದೆ ಅಂತ ತಿಳಿಯಿರಿ. ಉಳಿದ ಇಂಧನ ಇರಬಹುದು, ಪುಡಿಗೆ ಸೇರಿಸಿದ ಕಾರ್ಬನ್ ಕೂಡ ಇರಬಹುದು. ಇಷ್ಟು ವೋಲ್ಟೇಜ್‌ನಲ್ಲಿ ಕಾರ್ಬನ್ ನಿಧಾನಕ್ಕೆ ಸವೆಯುತ್ತದೆ.

ಈಗ ನಿಮ್ಮ ಮುಂದಿರುವ ದಾರಿಗಳು.

ಕಬ್ಬಿಣವನ್ನು ಪೂರ್ತಿ ಹೊರಗಿಟ್ಟು ನಿಕಲ್ ಆಕ್ಸೈಡ್‌ನ ಸ್ವಂತ ಗುಣ ಅಳೆಯುವುದು ಮೊದಲನೆಯದು. ಒರೆಗಾನ್ ತಂಡ ಬಳಸಿದ ಉಪಾಯ ಸರಳವಾಗಿದೆ: ತುಂಬ ಶುದ್ಧವಾದ ನಿಕಲ್ ನೈಟ್ರೇಟ್‌ನಿಂದ ಪ್ಲಾಸ್ಟಿಕ್ ಟ್ಯೂಬಿನಲ್ಲಿ ನಿಕಲ್ ಹೈಡ್ರಾಕ್ಸೈಡ್ ಇಳಿಸಿ, ತೊಳೆದು, ಅದರ ಮೇಲೆ ನಿಮ್ಮ ಕೆಒಎಚ್ ಹಾಕಿ 10 ನಿಮಿಷ ಚೆನ್ನಾಗಿ ಕುಲುಕಿ, ಕೆಲವು ಗಂಟೆ ಬಿಟ್ಟು, ಸೆಂಟ್ರಿಫ್ಯೂಜ್ ಮಾಡಿ ಮೇಲಿನ ತಿಳಿ ಬಗ್ಗಿಸಿಕೊಳ್ಳುವುದು. ಆ ಹಸಿರು ಕೆಸರು ಕಬ್ಬಿಣವನ್ನು ಹೀರಿಕೊಂಡಿರುತ್ತದೆ. ಖರ್ಚು ಆ ಶುದ್ಧ ನೈಟ್ರೇಟ್‌ಗೆ ಮಾತ್ರ. ಅಂಕಿ ಮಾತ್ರ ಚೆನ್ನಾಗಿ ಬರುವುದಿಲ್ಲ, 420 ಅಥವಾ ಅದಕ್ಕಿಂತ ಜಾಸ್ತಿಯೇ ಬರಬಹುದು. ಬರೀ ಈ ಅಂಕಿ ಇಟ್ಟುಕೊಂಡು ಪೇಪರ್ ಮಾಡುವುದು ಕಷ್ಟ. ಆದರೆ ಇದು ಇಲ್ಲದೆ ಮುಂದಿನದಕ್ಕೆ ಬುನಾದಿ ಇಲ್ಲ.

ನನ್ನನ್ನು ಕೇಳಿದರೆ ನೀವು ಹಿಡಿಯಬೇಕಾದ್ದು ಎರಡನೇ ದಾರಿ: ಕಬ್ಬಿಣ ಬಾಟಲಿಯಿಂದ ಕದ್ದು ಬರುವ ಬದಲು ನೀವೇ ತೂಗಿ ಹಾಕಿ. 10% ಕಬ್ಬಿಣಕ್ಕೆ ನಿಕಲ್ ನೈಟ್ರೇಟ್ ಹೆಕ್ಸಾಹೈಡ್ರೇಟ್ 2.62 ಗ್ರಾಂ, ಫೆರಿಕ್ ನೈಟ್ರೇಟ್ ನಾನಾಹೈಡ್ರೇಟ್ 0.40 ಗ್ರಾಂ, ಗ್ಲೈಸಿನ್ 0.88 ಗ್ರಾಂ. ಇದು ಆಕ್ಸಿಡೈಸರ್ ಮತ್ತು ಇಂಧನ ಸಮ ಇರುವ ಲೆಕ್ಕ. ಅಗಲ ಬಾಯಿಯ ಬೋಗುಣಿಯಲ್ಲಿ, ಫ್ಯೂಮ್ ಹುಡ್ ಒಳಗೇ ಮಾಡಿ. ಪುಡಿ ಬೇಗ ಬೇಕು ಅಂತ ಒಂದೇ ಸಲಕ್ಕೆ ಹತ್ತು ಪಟ್ಟು ಹಾಕಬೇಡಿ, ದ್ರಾವಣ ಆರಿ ಜೆಲ್ ಆಗಿ ಹೊತ್ತಿಕೊಂಡಾಗ ಎಲ್ಲ ಮೇಲಕ್ಕೆ ಹಾರುತ್ತದೆ, ಕಂದು ಹೊಗೆ ಶ್ವಾಸಕೋಶಕ್ಕೆ ಕೆಟ್ಟದ್ದು, ನಿಕಲ್ ಧೂಳು ಅದಕ್ಕಿಂತ ಕೆಟ್ಟದ್ದು. 0, 2, 5, 10, 25, 50 ಶೇಕಡಾ ಅಂತ ಒಂದು ಸಾಲು ಮಾಡಿ. ಸಾಮಾನ್ಯವಾಗಿ 10ರಿಂದ 25ರ ಆಸುಪಾಸಿನಲ್ಲಿ ಒಳ್ಳೆಯದು ಸಿಗುತ್ತದೆ, ಅದಕ್ಕೂ ಮೇಲೆ ಹೋದರೆ ಕಬ್ಬಿಣದ ಆಕ್ಸೈಡ್ ಬೇರೆಯಾಗಿ ನಿಂತು ಕರೆಂಟಿಗೆ ಅಡ್ಡ ಬರುತ್ತದೆ. ತುಂಬ ಬಿಸಿಯಲ್ಲಿ ಸುಡಬೇಡಿ. ಕೆಲಸ ಮಾಡುವುದು ಮೇಲ್ಮೈಯಲ್ಲಿ ಹುಟ್ಟಿಕೊಳ್ಳುವ ಆಕ್ಸಿಹೈಡ್ರಾಕ್ಸೈಡ್ ಪದರ, ಕಣ ದಪ್ಪ ಆದಷ್ಟೂ ಒಳಗಿನ ತಿರುಳು ದಂಡ. ಈ ದಾರಿಯ ಅಪಾಯ ಇಷ್ಟೇ: ಇಟ್ಟ ಕಬ್ಬಿಣ ಇಟ್ಟ ಜಾಗದಲ್ಲಿ ಉಳಿಯುವುದಿಲ್ಲ. ಕಬ್ಬಿಣ ಇಲ್ಲದ ಕೆಒಎಚ್‌ಗೆ ಅದು ಕರಗಿ ಹೊರಡುತ್ತದೆ, ದ್ರಾವಣದಲ್ಲಿ ಸ್ವಲ್ಪ ಇದ್ದರೆ ಹೋದಷ್ಟು ವಾಪಸ್ ಬಂದು ಕೂರುತ್ತದೆ. ಹಾಗಾಗಿ ಶುದ್ಧ ಮಾಡಿದ ಕೆಒಎಚ್‌ನಲ್ಲೂ, ಗೊತ್ತಿರುವ ಪ್ರಮಾಣದ ಕಬ್ಬಿಣ ಹಾಕಿದ ಕೆಒಎಚ್‌ನಲ್ಲೂ ಎರಡರಲ್ಲೂ ಅಳೆಯಿರಿ. ನಿಜವಾಗಿ ಹೊಸದು ಹೇಳಲು ನಿಮಗೆ ಜಾಗ ಇರುವುದು ಅಲ್ಲಿ.

ಕೋಬಾಲ್ಟ್ ಸೇರಿಸುವುದು ಮೂರನೆಯದು. ಕರೆಂಟ್ ಚೆನ್ನಾಗಿ ಹರಿಯುತ್ತದೆ, ಕೆಲಸ ಬೇಗ ಶುರುವಾಗುತ್ತದೆ. ಆದರೆ ಬೆಲೆ ಜಾಸ್ತಿ, ಜಗತ್ತಿನ ಕೋಬಾಲ್ಟ್‌ನಲ್ಲಿ ಬಹುಪಾಲು ಬರುವುದು ಕಾಂಗೋ ಒಂದೇ ದೇಶದಿಂದ. ಬೇಕೆಂದರೆ ಆಮೇಲೆ ನೋಡಿ.

ರುಥೇನಿಯಂ ಬೇಡ. ಇರಿಡಿಯಂ ಮತ್ತು ರುಥೇನಿಯಂ ಆಕ್ಸೈಡ್‌ಗಳಿಗೆ ಅಷ್ಟು ಹೆಸರು ಬಂದಿರುವುದು ಆಸಿಡ್‌ನಲ್ಲಿ. ಅಲ್ಲಿ ನಿಕಲ್, ಕೋಬಾಲ್ಟ್, ಕಬ್ಬಿಣ ಎಲ್ಲ ಕರಗಿಹೋಗುತ್ತವೆ, ಇರಿಡಿಯಂ ನಿಲ್ಲುತ್ತದೆ. ಪಿಇಎಂ ಎಲೆಕ್ಟ್ರೋಲೈಸರ್‌ಗಳು (ಕೆಒಎಚ್ ಬದಲು ಆಸಿಡ್ ಗುಣದ ಪೊರೆ ಬಳಸಿ ನೀರು ಒಡೆಯುವ ಯಂತ್ರಗಳು) ಇರಿಡಿಯಂ ಬಿಡಲಾಗದೆ ಒದ್ದಾಡುತ್ತಿರುವುದು ಅದಕ್ಕೇ. ಜಗತ್ತಿನಲ್ಲಿ ವರ್ಷಕ್ಕೆ ಸಿಗುವ ಇರಿಡಿಯಂ 7-8 ಟನ್ ಅಷ್ಟೇ, ಅದರಲ್ಲಿ ಬಹುಪಾಲು ದಕ್ಷಿಣ ಆಫ್ರಿಕಾದ್ದು. ನೀವಿರುವುದು ಕೆಒಎಚ್‌ನಲ್ಲಿ. ಅಲ್ಲಿ ನಿಕಲ್-ಕಬ್ಬಿಣ ಇವೆರಡಕ್ಕೂ ಸರಿಸಮ, ಎಷ್ಟೋ ಸಲ ಮುಂದೆ. ರುಥೇನಿಯಂ ಆಕ್ಸೈಡಂತೂ ಆಕ್ಸಿಜನ್ ಬಿಡುವ ವೋಲ್ಟೇಜ್‌ನಲ್ಲಿ ತಾನೇ ಕರಗುತ್ತದೆ. 'ನಮ್ಮದು ರುಥೇನಿಯಂ ಆಕ್ಸೈಡ್‌ಗಿಂತ ಉತ್ತಮ' ಅಂತ ಕೆಒಎಚ್‌ನಲ್ಲಿ ತೋರಿಸುವುದು ದೊಡ್ಡ ಗೆಲುವಲ್ಲ. ಹೋಲಿಕೆ ಬೇಕಾದರೆ ಸಾಮಾನ್ಯ ವಿಧಾನದಲ್ಲಿ ನೀವೇ ಮಾಡಿದ ನಿಕಲ್-ಕಬ್ಬಿಣ ಹೈಡ್ರಾಕ್ಸೈಡ್ ಜೊತೆ ಹೋಲಿಸಿ, ಅದು ಕಷ್ಟದ ಎದುರಾಳಿ.

ಇನ್ನು ಅಗ್ಗ ಆಗುತ್ತಾ ಅನ್ನುವ ಪ್ರಶ್ನೆ. ಇದು ಪೇಪರ್‌ಗೋಸ್ಕರ ಮಾತ್ರ ಅಲ್ಲ, ನಂಬಿ. 1 ಕಿಲೋ ಹೈಡ್ರೋಜನ್ ತೆಗೆಯಲು ಸೆಲ್ ವೋಲ್ಟೇಜ್‌ನ ಪ್ರತಿ 1 ವೋಲ್ಟ್‌ಗೆ 26.6 ಯೂನಿಟ್ ಕರೆಂಟು ಬೇಕು. ಸೆಲ್ 1.8 ವೋಲ್ಟ್‌ನಲ್ಲಿ ಓಡಿದರೆ 48 ಯೂನಿಟ್, 2 ವೋಲ್ಟ್‌ನಲ್ಲಿ ಓಡಿದರೆ 53. ಅಂದರೆ 100 ಮಿಲಿವೋಲ್ಟ್ ಉಳಿಸಿದರೆ ಕಿಲೋಗೆ 2.66 ಯೂನಿಟ್ ಉಳಿಯಿತು. ಯೂನಿಟ್‌ಗೆ 5 ರೂಪಾಯಿ ಅಂದುಕೊಂಡರೆ 13 ರೂಪಾಯಿ. ಸಣ್ಣದು ಅನ್ನಿಸಬಹುದು. ಕೇಂದ್ರ ಸರ್ಕಾರ 2023ರ ಜನವರಿಯಲ್ಲಿ 19,744 ಕೋಟಿ ರೂಪಾಯಿಯ ಹಸಿರು ಹೈಡ್ರೋಜನ್ ಮಿಷನ್‌ಗೆ ಒಪ್ಪಿಗೆ ಕೊಟ್ಟಾಗ ಇಟ್ಟ ಗುರಿ 2030ಕ್ಕೆ ವರ್ಷಕ್ಕೆ 50 ಲಕ್ಷ ಟನ್. ಅಷ್ಟು ಹೈಡ್ರೋಜನ್‌ಗೆ ಈ 100 ಮಿಲಿವೋಲ್ಟ್ ವರ್ಷಕ್ಕೆ 1,330 ಕೋಟಿ ಯೂನಿಟ್ ಉಳಿಸುತ್ತದೆ. ಆದರೆ ಉಳಿದ 48 ಯೂನಿಟ್‌ನ ಬಿಲ್ ಇದ್ದೇ ಇದೆ. ಹಾಗಾಗಿ ಕ್ಯಾಟಲಿಸ್ಟ್ ಒಂದರಿಂದಲೇ ಹೈಡ್ರೋಜನ್ ಅಗ್ಗ ಆಗುತ್ತದೆ ಅನ್ನುವುದು ತಪ್ಪು. ಅಗ್ಗದ ಕರೆಂಟು ಮೊದಲು ಬೇಕು. ಪಂಜಾಬಿನ ನಂಗಲ್‌ನಲ್ಲಿ 1960ರ ದಶಕದಲ್ಲೇ ನೀರು ಒಡೆದು ಆ ಹೈಡ್ರೋಜನ್‌ನಿಂದ ಗೊಬ್ಬರ ಮಾಡುತ್ತಿದ್ದರು. ಅದು ಸಾಧ್ಯವಾಗಿದ್ದು ಪಕ್ಕದಲ್ಲೇ ಭಾಕ್ರಾ ಅಣೆಕಟ್ಟಿನ ವಿದ್ಯುತ್ ಇದ್ದದ್ದರಿಂದ.

ಕಾರ್ಖಾನೆಯವರು ನಿಮ್ಮನ್ನು ಮೊದಲು ಕೇಳುವುದು 290ರ ಬಗ್ಗೆ ಅಲ್ಲ, ಎಷ್ಟು ದಿನ ಬಾಳುತ್ತದೆ ಅಂತ. ಅಲ್ಲಿ ಕೆಒಎಚ್ 1 ಮೋಲಾರ್ ಅಲ್ಲ, ತೂಕದಲ್ಲಿ 25-30%. ಬಿಸಿ 70-90 ಡಿಗ್ರಿ. ಕರೆಂಟು ಚದರ ಸೆಂಟಿಮೀಟರ್‌ಗೆ ಹಲವು ನೂರು ಮಿಲಿಆಂಪಿಯರ್. ಹತ್ತಾರು ಸಾವಿರ ಗಂಟೆ ಓಡಬೇಕು. ಸೋಲಾರ್ ಕರೆಂಟಾದರೆ ಸಂಜೆ ನಿಲ್ಲುತ್ತದೆ, ಬೆಳಿಗ್ಗೆ ಶುರುವಾಗುತ್ತದೆ, ನಿಂತ ಹೊತ್ತಿನಲ್ಲಿ ಸೆಲ್ ಒಳಗೆ ಉಲ್ಟಾ ಕರೆಂಟ್ ಹರಿದು ಎಲೆಕ್ಟ್ರೋಡ್ ಸವೆಯುತ್ತದೆ. ಬೈಂಡರ್ ಹಾಕಿ ಹಚ್ಚಿದ ಪುಡಿ ಇಂಥ ಕಡೆ ಗುಳ್ಳೆಗಳ ರಭಸಕ್ಕೇ ಉದುರಿಹೋಗುತ್ತದೆ. ನಿಮ್ಮ ಲ್ಯಾಬಿನಲ್ಲಿ ಇದೆಲ್ಲ ಮಾಡಲು ಆಗದಿರಬಹುದು. ಆದರೆ 100 ಮಿಲಿಆಂಪಿಯರ್‌ನಲ್ಲಿ ಕೆಲವು ದಿನ ಬಿಡದೆ ಓಡಿಸಬಹುದು, ದಿನಕ್ಕೊಂದು ಸಲ ನಿಲ್ಲಿಸಿ ಶುರು ಮಾಡಬಹುದು, ಕೊನೆಯಲ್ಲಿ ದ್ರಾವಣದಲ್ಲಿ ಎಷ್ಟು ನಿಕಲ್, ಎಷ್ಟು ಕಬ್ಬಿಣ ಕರಗಿದೆ ಅಂತ ನೋಡಬಹುದು. 290ರಿಂದ 280ಕ್ಕೆ ಇಳಿಸಿದ ಪೇಪರ್‌ಗಿಂತ, 310ರಲ್ಲೇ ಅಲುಗಾಡದೆ ನಿಂತ ಪೇಪರ್ ಓದಲು ನನಗೆ ಇಷ್ಟ.

ಪೇಪರ್ ವಿಚಾರಕ್ಕೆ ಬರುತ್ತೇನೆ. ಮೊದಲಿನ ಅಂಕಿಯನ್ನು ಒಂದೇ ಬರೆದು ಕಳಿಸಬೇಡಿ. ಗೈಡ್ ಹತ್ತಿರ ಜಗಳಕ್ಕೂ ಹೋಗಬೇಡಿ, ಸರ್ ಅವರಿಗೂ ಡೆಡ್‌ಲೈನ್ ಒತ್ತಡ ಇರುತ್ತದೆ. ಒಂದು ಪುಟದಲ್ಲಿ ನಾಲ್ಕು ಗೆರೆ ಹಾಕಿ ತೋರಿಸಿ: ಫೋಮ್ ಮತ್ತು ಗ್ಲಾಸಿ ಕಾರ್ಬನ್, ಒಂದೊಂದೂ ಹಳೆಯ ಕೆಒಎಚ್‌ನಲ್ಲಿ ಮತ್ತು ಹೊಸದರಲ್ಲಿ. ನಿಮ್ಮ ಹತ್ತಿರ ಈಗ ಎರಡು ಇವೆ, ಉಳಿದ ಎರಡು ಮಾಡಲು ಒಂದು ವಾರ ಸಾಕು. ಆ ನಾಲ್ಕು ಗೆರೆ ನೋಡಿದರೆ ಯಾರ ಪಾಲು ಎಷ್ಟು ಅಂತ ಅವರಿಗೂ ಕಾಣುತ್ತದೆ. 290 ಮತ್ತು 420 ಎರಡನ್ನೂ ಕಬ್ಬಿಣದ ಪ್ರಮಾಣದ ಜೊತೆ ಬರೆದರೆ ಅದೇ ಒಂದು ಒಳ್ಳೆ ಪೇಪರ್, ಯಾವ ರಿವ್ಯೂವರ್ ಕೂಡ ಅಲ್ಲಾಡಿಸಲು ಆಗುವುದಿಲ್ಲ.

ಹಳೆಯ ಬಾಟಲಿ ಎಸೆಯಬೇಡಿ, ಮುಚ್ಚಳ ಬಿಗಿ ಮಾಡಿ ಇಡಿ. ಅದರಿಂದ ಮಾಡಿದ ದ್ರಾವಣ, ಹೊಸ ಬಾಟಲಿಯ ದ್ರಾವಣ, ಶುದ್ಧ ಮಾಡಿದ್ದು, ಜೊತೆಗೆ ಓಡಿಸಿ ಮುಗಿದ ಮೇಲಿನ ದ್ರಾವಣ, ನಾಲ್ಕನ್ನೂ ಪ್ಲಾಸ್ಟಿಕ್ ಬಾಟಲಿಗಳಲ್ಲಿ ಹಾಕಿ ಐಸಿಪಿ-ಎಂಎಸ್‌ಗೆ (ದ್ರಾವಣದಲ್ಲಿರುವ ಅತಿ ಸಣ್ಣ ಪ್ರಮಾಣದ ಲೋಹವನ್ನೂ ಅಳೆಯುವ ಪರೀಕ್ಷೆ) ಕಳಿಸಿ, ನಿಕಲ್ ಮತ್ತು ಕಬ್ಬಿಣ ಎರಡನ್ನೂ ನೋಡಲು ಹೇಳಿ. ಬೆಂಗಳೂರಿನಲ್ಲಿ ಹಣ ಕೊಟ್ಟರೆ ಮಾಡಿಕೊಡುವ ಕಡೆಗಳು ಇವೆ. ಕೆಒಎಚ್ ಗಾಢವಾಗಿದ್ದರೆ ಯಂತ್ರಕ್ಕೆ ತೊಂದರೆ, ಹಾಗಾಗಿ ಕಳಿಸುವ ಮೊದಲು ಎಷ್ಟು ತೆಳು ಮಾಡಬೇಕು, ಯಾವ ಆಸಿಡ್‌ನಲ್ಲಿ ಅಂತ ಅಲ್ಲಿಯವರನ್ನೇ ಕೇಳಿ. ತೆಳು ಮಾಡಲು ಬಳಸಿದ ನೀರು ಮತ್ತು ಆಸಿಡ್‌ನ ಒಂದು ಖಾಲಿ ಮಾದರಿಯನ್ನೂ ಜೊತೆಗೆ ಕಳಿಸಿ, ಆಸಿಡ್‌ನಲ್ಲೂ ಕಬ್ಬಿಣ ಇರಬಹುದು.